ಕದನವಿರಾಮದ ಹಾವು

ಅರವತ್ತೈದರ ಯುದ್ಧ ಮುಗಿಸಿ ಯೋಗನರಸಿಂಹ ಬೇಲೂರಿಗೆ ಮರಳಿದಾಗ ಅವನ ಎಡಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಗುಂಡು ತಗುಲಿರಬೇಕೆಂದು ಊರವರೇ ತೀರ್ಮಾನಿಸಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗಣರಾಜ್ಯೋತ್ಸವದ ದಿನ ಹೈಸ್ಕೂಲಿನಲ್ಲಿ ಸನ್ಮಾನವೆಂದು ಹೇಳಿಕಳಿಸಿದ ಮೇಲೆ ಮಾತ್ರ ಇನ್ನಷ್ಟು ಮಂಕಾದ. ಹೆಂಡತಿ ಕೋಮಲವಲ್ಲಿ ಗಮನಿಸಿದ್ದಳು, ಕೆದಕಿರಲಿಲ್ಲ.

ಹಿಂದಿನ ಸಂಜೆ ಇಬ್ಬರೂ ನಡುಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ಕೋಮಲವಲ್ಲಿ ಅದೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಮೌನ ಭಾರವೆನಿಸಿ, ಮಕ್ಕಳಿಗೆ ಹೇಳಬೇಕೆಂದಿದ್ದ ಕಥೆ ತೆಗೆದಳು.

ಇಂಗ್ಲೆಂಡಿನ ಆರ್ಥರ್ ದೊರೆಗೂ ಅವನ ಮಗನಿಗೂ ರಾಜ್ಯಕ್ಕಾಗಿ ಜಗಳ. ಎರಡು ದಂಡೂ ಬಯಲಲ್ಲಿ ಎದುರುಬದುರು ನಿಂತಿವೆ. ಹೇಗೋ ಸಂಧಿಯ ಮಾತು ಶುರುವಾಗುತ್ತದೆ. ಆದರೆ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲ. ಆ ಕಡೆ ಒಂದು ಕತ್ತಿ ಹೊರಬಂದರೂ ಮೇಲೆ ಬೀಳಿ ಎಂದು ಇಬ್ಬರೂ ತಮ್ಮವರಿಗೆ ಹೇಳಿಟ್ಟಿದ್ದಾರೆ.

"ಆಗ ಪೊದೆಯಿಂದ ಹಾವೊಂದು ಬಂದು ಒಬ್ಬನ ಕಾಲಿಗೆ ಕಚ್ಚಿತಂತೆ ಕಣ್ರೀ. ಹಾವು ಹೊಡೆಯೋಕ್ಕೆ ಅವನು ಕತ್ತಿ ಹಿರಿದ. ಅಷ್ಟೇ. ಎಲ್ರಿಗೂ ಕತ್ತಿ ಕಂಡಿತು, ಹಾವು ಯಾರಿಗೂ ಕಾಣ್ಲಿಲ್ಲ. ಸಂಜೆಯೊಳಗೆ ಎರಡು ಕಡೆಯೂ ನಾಶ. ಅಪ್ಪನ ಕೈಯಲ್ಲೇ ಮಗ ಸತ್ತ."

ಯೋಗನರಸಿಂಹನ ಕೈ ನಿಂತಿತು. "ನಮ್ಮಲ್ಲೂ ಬಂದಿತ್ತು ಕಣೇ, ಹಾವು," ಎಂದ.

ಕದನವಿರಾಮವಾದ ಮಾರನೆಯ ದಿನ. ಕಬ್ಬಿನ ಗದ್ದೆಯ ಈಚೆ ಇವರು, ಆಚೆ ಪಾಕಿಸ್ತಾನದವರು. ಒಂದು ಗುಂಡೂ ಹಾರಬಾರದೆಂದು ಕಟ್ಟಪ್ಪಣೆ. ಕಂದಕದಲ್ಲಿ ಪಕ್ಕ ಕೂತಿದ್ದ ಜಾವಗಲ್ಲಿನ ಕೃಷ್ಣಪ್ಪನ ತೊಡೆ ಮೇಲೆ ಮಂಡಲದ ಹಾವು ಹತ್ತಿತು. ಕೃಷ್ಣಪ್ಪ ಹೌಹಾರಿ ಬಂದೂಕು ಎತ್ತಿದ.

"ನಾನು ಬರಿಗೈಲಿ ಹಾವನ್ನ ಕಿತ್ತು ಎಸೆದೆ. ಬೇರೇನೂ ತೋಚಲಿಲ್ಲ. ಕಚ್ಚಿತು. ಬೆರಳು ಕೊಳೀತು, ಆಸ್ಪತ್ರೇಲಿ ತೆಗೆದ್ರು. ಯುದ್ಧಕ್ಕೆ ಹೋಗಿ ಹಾವಿನ ಕೈಲಿ ಕಚ್ಚಿಸಿಕೊಂಡು ಬಂದೆ ಅಂತ ಹೇಗೆ ಹೇಳ್ಲಿ? ನಾಳೆ ಹಾರ ಹಾಕ್ತಾರೆ."

ಕೋಮಲವಲ್ಲಿ ಆ ಕೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. "ಆ ದೊರೆ ಹತ್ರ ಅಷ್ಟೊಂದು ವೀರರಿದ್ರು. ಹಾವನ್ನ ಕೈಲಿ ಹಿಡಿಯೋನು ಒಬ್ನೂ ಇರ್ಲಿಲ್ಲ," ಎಂದಳು. "ಹೇಳಿಬಿಡಿ. ನಗೋರು ನಗಲಿ."

ಮರುದಿನ ಹಾರ ಹಾಕುವ ಮೊದಲೇ ಅವನು ಹೇಳಿದ. ಗುಂಡಲ್ಲ, ಹಾವು ಎಂದಾಗ ಹಿಂದೆ ಯಾರೋ ಕಿಸಕ್ಕೆಂದರು. ಪೂರ್ತಿ ಹೇಳಿ ಮುಗಿಸಿದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಕೂತೇ ಇದ್ದರು. ಕೊನೆಗೆ ಹೆಡ್‌ಮಾಸ್ಟರೇ ಎದ್ದು ಹಾರ ಹಾಕಿದರು.

ಸುದ್ದಿ ಜಾವಗಲ್ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ಕೃಷ್ಣಪ್ಪನ ತಾಯಿ ಗಿಡ್ಡಮ್ಮ ಬಸ್ಸು ಹಿಡಿದು, ಮನೆ ಕೇಳಿಕೊಂಡು ಬಂದಳು.

"ಎಲ್ಲೈತೆ ಸ್ವಾಮಿ ಆ ಕೈ? ಒಸಿ ತೋರ್ಸಿ."

ಅವನು ಸಂಕೋಚದಿಂದ ಚಾಚಿದ. ಮೊಂಡು ಬೆರಳುಗಳನ್ನು ಅವಳು ಕಣ್ಣಿಗೊತ್ತಿಕೊಂಡಳು. "ನನ್ ಮಗ ರಜದಾಗೆ ಬಂದಿದ್ರೂವೆ ಬಾಯ್ ಬಿಡ್ನಿಲ್ಲ ಕಣವ್ವ," ಎಂದು ಕೋಮಲವಲ್ಲಿಯತ್ತ ತಿರುಗಿದಳು. "ಹಾವ್ಗೆ ಹೆದರ್ದೆ ಅಂತ ಹೇಳಾಕೆ ಅವನ್ಗೂ ನಾಚ್ಕೆ ಆಗಿರ್ಬೇಕು!"

ಯೋಗನರಸಿಂಹ ಗಟ್ಟಿಯಾಗಿ ನಕ್ಕುಬಿಟ್ಟ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಊಟವಾದ ಮೇಲೆ ಗಿಡ್ಡಮ್ಮನನ್ನು ಬಸ್ಸು ಹತ್ತಿಸಲು ಅವನೇ ಹೊರಟ. ಮುದುಕಿ ಬೀದಿಯುದ್ದಕ್ಕೂ ಆ ಕೈಯನ್ನು ಹಿಡಿದೇ ನಡೆದಳು.