ಮೂರು ರಿಂಗು

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಜಹೀರ್ ಅಹಮದನದು ಮೊಬೈಲ್ ರಿಪೇರಿ ಅಂಗಡಿ. ಮೊದಲು ಅದು ರೇಡಿಯೋ ರಿಪೇರಿ ಅಂಗಡಿಯಾಗಿತ್ತು. ರೇಡಿಯೋಗಳು ಬರುವುದು ನಿಂತ ಮೇಲೆ ಆತ ದಿನವೂ ಸಂಜೆ ತುಮಕೂರಿನ ಬಸ್ ಹತ್ತಿ, ಆರು ತಿಂಗಳು ಸಂಜೆ ಕ್ಲಾಸಿನಲ್ಲಿ ಕೂತು ಮೊಬೈಲ್ ಕೆಲಸ ಕಲಿತಿದ್ದ. ಅದಾಗಿ ಹದಿನೆಂಟು ವರ್ಷ. ಆದರೂ ಫೋನು ವಾಪಸು ಕೊಡುವಾಗಲೆಲ್ಲ ಏನನ್ನೋ ಮರೆತೆನೇನೋ ಎಂಬ ಅಳುಕು. ಗಿರಾಕಿ ಬೀದಿಯ ತಿರುವು ದಾಟುವವರೆಗೂ ನೋಡುತ್ತಲೇ ನಿಂತಿರುತ್ತಿದ್ದ.

ಸೋಮವಾರ ಕಲ್ಲಮ್ಮ ಬಂದಾಗಲೂ ಹಾಗೆಯೇ ಆಗಿತ್ತು. ಕಲ್ಲಮ್ಮ ದೇವಸ್ಥಾನದ ಮುಂದೆ ಹೂವು ಕಟ್ಟಿ ಮಾರುವವಳು. ಕೈಯಲ್ಲಿದ್ದದ್ದು ಮಗ ಗುರುಪ್ರಕಾಶ್ ಬಳಸಿ ಬಿಟ್ಟ ಫೋನು.

"ಸಾಬ್ರೇ, ಮಧ್ಯಾಹ್ನಕ್ಕೇ ಸತ್ತೋಗುತ್ತೆ ಇದು. ಹೂವಿನ ಬುಟ್ಟಿಗೆ ಚುಚ್ಚಲಾ ಚಾರ್ಜರ್‌ನ?"

ಜಹೀರ್ ಫೋನಿನ ಒಳಹೊಕ್ಕು ನೋಡಿದ. ಮಗ ಹಾಕಿದ ಕ್ರಿಕೆಟ್ಟು, ಮೊಮ್ಮಗಳು ಹಾಕಿದ ಆಟಗಳು, ಸೀರೆ ಮಾರುವ ಆಪುಗಳು ಎಲ್ಲವೂ ಯಾರೂ ಕರೆಯದೆಯೇ ಹಿನ್ನೆಲೆಯಲ್ಲಿ ತಮ್ಮಷ್ಟಕ್ಕೆ ಓಡುತ್ತಿದ್ದವು.

"ಬಾಗಿಲು ಹಾಕಿರೋ ಅಂಗಡಿಯೊಳಗೆ ಲೈಟ್ ಉರೀತಾ ಇದ್ರೆ ಕರೆಂಟ್ ಹೋಗಲ್ವಾ ಕಲ್ಲಕ್ಕ? ಇದರೊಳಗೂ ಅದೇ ಆಗ್ತಿರೋದು" ಎಂದು ಹೇಳಿ, ಒಂದೊಂದನ್ನೂ ಹುಡುಕಿ, ಹಿನ್ನೆಲೆಯಲ್ಲಿ ಓಡುವುದನ್ನು ಪೂರ್ತಿ ನಿಲ್ಲಿಸಿ ಕೊಟ್ಟ. ಒಂದನ್ನೂ ಬಿಡಲಿಲ್ಲ. ಅವನ ಶ್ರದ್ಧೆ ಅಂಥದ್ದು.

ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಕಲ್ಲಮ್ಮ ಮತ್ತೆ ಬಂದಳು. ಹೂವಿನ ಬುಟ್ಟಿ ಇರಲಿಲ್ಲ. ಹೆಗಲಲ್ಲಿ ಬಟ್ಟೆ ತುಂಬಿದ ಬ್ಯಾಗಿತ್ತು. ಬಸ್ಸಿಗೆ ಇನ್ನೂ ಹೊತ್ತಿದೆ, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ ಎಂದಳು.

"ಏನ್ ಕೈಗುಣ ಸಾಬ್ರೇ ನಿಮ್ದು. ಎರಡು ದಿನಕ್ಕೂ ಬ್ಯಾಟರಿ ಕೆಂಪಗಾಗಿಲ್ಲ."

ಜಹೀರನ ಮುಖ ಅರಳಿತು. ಬೆಳಿಗ್ಗೆಯೇ ಎಲ್ಲಿಗೆ ಹೊರಟಿರಿ ಎಂದು ಕೇಳಿದ.

"ಕುಣಿಗಲ್ಲಿಗೆ. ಮೂರು ದಿನ ಆಯ್ತು, ನಮ್ಮಕ್ಕ ಮಿಸ್ ಕಾಲ್ ಕೊಟ್ಟಿಲ್ಲ."

ಅರಳಿದ ಮುಖ ಹಾಗೇ ನಿಂತುಬಿಟ್ಟಿತು.

ಆ ಮಿಸ್ ಕಾಲಿನ ವಿಷಯ ಅವನಿಗೆ ಗೊತ್ತಿತ್ತು. ಹದಿನೆಂಟು ವರ್ಷದ ಹಿಂದೆ ಕಲ್ಲಮ್ಮನಿಗೂ ಕುಣಿಗಲ್ಲಿನ ಅವಳ ಅಕ್ಕ ಕರಿಬಸಮ್ಮನಿಗೂ ಮೊದಲ ಫೋನು ಕೊಟ್ಟವನು ಅವನೇ. ಗುಂಡಿ ಒತ್ತುವ ಸಣ್ಣ ಫೋನುಗಳು. ಒಮ್ಮೆ ಚಾರ್ಜ್ ಹಾಕಿದರೆ ವಾರವಿಡೀ ಬರುತ್ತಿದ್ದವು. ಮಾತಾಡಿದರೆ ದುಡ್ಡು ಹೋಗುತ್ತದೆಂದು ಅಕ್ಕತಂಗಿಯರು ಹೆದರಿದಾಗ ರಿಂಗಿನ ಲೆಕ್ಕ ಹೇಳಿಕೊಟ್ಟವನೂ ಅವನೇ. ಒಂದು ರಿಂಗೆಂದರೆ ಎದ್ದಿದ್ದೀನಿ, ಚೆನ್ನಾಗಿದ್ದೀನಿ. ಎರಡೆಂದರೆ ಬಸ್ ಹತ್ತಿದೆ. ಮೂರೆಂದರೆ ತಲುಪಿದೆ. ಯಾರೂ ಎತ್ತಬಾರದು. ಅದು ಅವನ ಮನೆಯದೇ ಲೆಕ್ಕ. ಸಂಜೆ ಕ್ಲಾಸು ಮುಗಿಸಿ ತುಮಕೂರಿನಲ್ಲಿ ಬಸ್ ಹತ್ತಿದ ಕೂಡಲೇ ಮನೆಗೆ ಎರಡು ರಿಂಗು ಕೊಡುತ್ತಿದ್ದ. ಹೆಂಡತಿ ಮಸ್ತಾನ್ ಬೀ ಒಂದು ರಿಂಗು ವಾಪಸು ಕೊಟ್ಟರೆ ಅಕ್ಕಿಗೆ ನೀರಿಟ್ಟೆ ಎಂದರ್ಥ. ಆ ಒಂದು ರಿಂಗಿಗಾಗಿ ಕಿಟಕಿಯ ಪಕ್ಕ ಫೋನು ಹಿಡಿದು ಕೂರುತ್ತಿದ್ದದ್ದು ನೆನಪಾಯಿತು.

ಗಂಡಹೆಂಡತಿ ಆ ಲೆಕ್ಕವನ್ನು ಯಾವತ್ತೋ ಬಿಟ್ಟಿದ್ದರು. ಅಕ್ಕತಂಗಿಯರು ಬಿಟ್ಟಿರಲಿಲ್ಲ. ಬೆಳಿಗ್ಗೆ ಆರಕ್ಕೆ ದೇವರ ದೀಪ ಹಚ್ಚಿ ಅಕ್ಕ ಒಂದು ರಿಂಗು ಕೊಡಬೇಕು, ಆಮೇಲೆ ತಂಗಿ. ದೊಡ್ಡವಳು ಮೊದಲು.

"ನೀವೇ ಮಾಡಿ ನೋಡಬೇಕಿತ್ತು" ಎಂದ.

"ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದು, ಈಗ ಬೆಳಿಗ್ಗೆ ಮಾಡ್ದೆ. ನಂಬರು ಚಾಲ್ತಿಯಲ್ಲಿಲ್ಲ ಅಂತಾಳೆ ಒಬ್ಬಳು. ಗುರುಪ್ರಕಾಶ ಫಸ್ಟ್ ಶಿಫ್ಟು, ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಫೋನ್ ಒಳಗೆ ಬಿಡಲ್ಲ. ಇನ್ಯಾರನ್ನ ಕೇಳಲಿ?" ಕಲ್ಲಮ್ಮ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬಿಳೀ ಬಟ್ಟೆ ಒಂದು ಇಟ್ಕೊಂಡಿದೀನಿ ಸಾಬ್ರೇ. ಇಡಬಾರದಿತ್ತು. ಇಟ್ಬಿಟ್ಟೆ."

ಅಕ್ಕ ಕರೆ ಮಾಡುತ್ತಿದ್ದದ್ದು ವಾಟ್ಸಾಪಿನಲ್ಲೇ ಎಂದು ಕೇಳಿ ತಿಳಿದುಕೊಂಡ. ಕರಿಬಸಮ್ಮ ರೀಚಾರ್ಜ್ ಬಿಟ್ಟು ವರ್ಷವಾಗಿತ್ತು. ಮುಂಭಾಗದ ಬಾಡಿಗೆಯವರ ವೈಫೈ ಹಿಡಿದು ರಿಂಗು ಕೊಡುತ್ತಿದ್ದಳು. ಕಲ್ಲಮ್ಮನಿಗೆ ವಾಟ್ಸಾಪು ತೆರೆಯಲು ಬಾರದು. ರಿಂಗು ಬಂದಾಗ ಪರದೆಯ ಮೇಲೆ ಮೂಡುವ ಅಕ್ಕನ ಮುಖ ಒತ್ತುವುದಷ್ಟೇ ಗೊತ್ತು. ಸೋಮವಾರ ಜಹೀರ್ ನಿಲ್ಲಿಸಿದವುಗಳಲ್ಲಿ ಅದೂ ಒಂದು. ತೆರೆದರಷ್ಟೇ ಎಚ್ಚರವಾಗುತ್ತದೆ, ಇಲ್ಲದಿದ್ದರೆ ಇಲ್ಲ.

"ಇಲ್ಲಿ ಕೊಡಿ ಫೋನ್‌ನ" ಎಂದ. ತಪ್ಪು ತನ್ನದೇ ಆಗಿರಲಿ, ದೇವರೇ, ತನ್ನದೇ ಆಗಿರಲಿ ಎಂದು ಬೇಡಿಕೊಂಡ. ಅಂಥ ಬೇಡಿಕೆಯನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ.

ವಾಟ್ಸಾಪು ತೆರೆದ. ಚಕ್ರ ತಿರುಗಿತು. ಕಲ್ಲಮ್ಮ ಕೌಂಟರಿನ ಗಾಜಿಗೆ ಅಂಗೈ ಊರಿ ಬಗ್ಗಿದಳು. ಚಕ್ರ ಇನ್ನೂ ತಿರುಗಿತು. ಆಮೇಲೆ ಟಿಂಗ್ ಎಂದಿತು, ಮತ್ತೆ ಟಿಂಗ್, ಮತ್ತೆ. ಕರಿಬಸಮ್ಮನ ಹೆಸರಿನ ಮುಂದೆ ಕೆಂಪು ಬಾಣಗಳು ಸಾಲಾದವು. ಮಂಗಳವಾರ ಒಂದು. ಬುಧವಾರ ಎರಡು. ಗುರುವಾರ, ಅಂದರೆ ಇವತ್ತು ಬೆಳಿಗ್ಗೆ, ಐದು.

"ಕೊಟ್ಟಿದಾರೆ ಕಲ್ಲಕ್ಕ. ದಿನಾ ಕೊಟ್ಟಿದಾರೆ. ನಾನೇ ಬಾಗಿಲು ಹಾಕ್ಬಿಟ್ಟಿದ್ದೆ."

ಕಲ್ಲಮ್ಮ ಆ ಕೆಂಪು ಬಾಣಗಳನ್ನು ಬೆರಳಿಟ್ಟು ಎಣಿಸಿದಳು. ಬೈಯುತ್ತಾಳೆಂದು ಜಹೀರ್ ಕಾದ. ಅವಳು ಬೈಯಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡು, ಅಕ್ಕನ ಮುಖವನ್ನು ಒತ್ತಿದಳು. ಒಂದು ರಿಂಗಾಯಿತು. ಕತ್ತರಿಸಿದಳು.

ಮಾತಾಡಿ, ಈಗಲಾದರೂ ಮಾತಾಡಿ ಎಂದು ಅವನು ಹೇಳುವಷ್ಟರಲ್ಲಿ ಅತ್ತ ಕಡೆಯಿಂದ ಒಂದು ರಿಂಗು ಬಂತು. ನಿಂತಿತು.

"ಮಾತಾಡೋಕೆ ಏನಿದೆ? ಬದುಕವ್ಳೆ" ಎಂದಳು ಕಲ್ಲಮ್ಮ. ಕಣ್ಣು ತುಂಬಿಕೊಂಡೇ ನಕ್ಕಳು.

ಜಹೀರ್ ವಾಟ್ಸಾಪೊಂದನ್ನು ಮಾತ್ರ ಮತ್ತೆ ಓಡಲು ಬಿಟ್ಟ. ಒಂದಕ್ಕೇ ಆದರೂ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ ಎಂದು ಎಚ್ಚರಿಸಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಳೀಲಿ ಬುಡಿ ಸಾಬ್ರೇ. ಉಳಿಸಿ ಉಳಿಸಿ ನೋಡಿದ್ನಲ್ಲ ಮೂರು ದಿನ, ಯಾತಕ್ಕೆ ಬಂತು?"

ಇನ್ನು ಮನೆಗೆ ಹೋಗುತ್ತೀರಾ ಎಂದು ಕೇಳಿದ. ಬ್ಯಾಗು ತುಂಬಿ ಆಗಿದೆಯಲ್ಲ, ಹೋಗೇ ಬರುತ್ತೇನೆ ಎಂದಳು. ಬಿಳೀ ಬಟ್ಟೆಯನ್ನು ಮಾತ್ರ ತೆಗೆದು ಕೌಂಟರಿನ ಮೇಲಿಟ್ಟಳು. ಬರುವಾಗ ತೆಗೆದುಕೊಳ್ಳುತ್ತಾಳಂತೆ. ಅವಳು ತಿರುವು ದಾಟುವವರೆಗೂ ಜಹೀರ್ ನೋಡುತ್ತಾ ನಿಂತ.

ಆಮೇಲೆ ಕೆಲಸ ಸಾಗಲಿಲ್ಲ. ಸರಿಯಾಗಿ ಹಾಕಿದೆನೋ ಇಲ್ಲವೋ, ಕುಣಿಗಲ್ಲಿನಲ್ಲಿ ಆ ಮುದುಕಿಗೆ ಗಾಬರಿಯಲ್ಲಿ ಏನಾದರೂ ಆಗಿದ್ದರೆ ಎಂದು ಒಂದೇ ಸ್ಕ್ರೂವನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದ.

ಸ್ವಲ್ಪ ಹೊತ್ತಿಗೆ ಅವನ ಫೋನು ಎರಡು ಸಲ ರಿಂಗಾಗಿ ನಿಂತಿತು. ಕಲ್ಲಮ್ಮನ ನಂಬರು. ಮಧ್ಯಾಹ್ನ ಮತ್ತೆ ರಿಂಗಾಯಿತು. ಒಂದು. ಎರಡು. ಕೈ ತಾನಾಗಿ ಮುಂದೆ ಹೋಯಿತು. ಎತ್ತಬಾರದೆಂಬುದು ನೆನಪಾಗಿ ಅರ್ಧದಲ್ಲೇ ತಡೆದುಕೊಂಡ.

ಮೂರನೆಯದೂ ಬಂತು.