ಟವೆಲ್ಲಿನ ಕೆಳಗಿನ ಕೈ

“ಹೆಂಗಸ್ರ ಕೈಯಾಗ ರೊಕ್ಕ ಕೊಟ್ರ ಮುಗೀತು! ಬಳಿ, ಪಿನ್ನು, ಪೌಡರು! ಯಾವ ರಂಡೆ ನಿಮಗ ವ್ಯವಹಾರ ಕಲಿಸ್ಯಾಳ?”

ಕೂಲಿ ಕೇಳಿದ್ದಕ್ಕೆ ಗುರುಸಿದ್ಧಪ್ಪ ಸಾಹುಕಾರ ಕೊಟ್ಟ ಉತ್ತರ ಇದು. ಕೇಳಿದವಳು ಮಾಳವ್ವ. ಸಾಂಗ್ಲಿಯಲ್ಲಿರುವ ಅವನ ಗೋದಾಮಿನಲ್ಲಿ ನಾವು ಹನ್ನೊಂದು ಹೆಂಗಸರು ಅರಿಶಿಣ ಆರಿಸುತ್ತೇವೆ. ಕೊಂಬು ಒಂದು ಕಡೆ, ಗಡ್ಡೆ ಇನ್ನೊಂದು ಕಡೆ, ಧೂಳು ನಮ್ಮ ಮೂಗಿಗೆ.

ಮಾಳವ್ವ ಬಗ್ಗಲಿಲ್ಲ. “ಎರಡ ಹಂಗಾಮ ದುಡದೇನ್ರಿ. ನನ್ನ ಗಂಡ ತಗೊಂಡ ಉಚಲ ತೀರೇತಿ. ಇನ್ನ ಮ್ಯಾಲ ನನ್ನ ಪಗಾರ ನನ್ನ ಕೈಯಾಗ ಕೊಡ್ರಿ.”

“ಗಂಡನ್ನ ಕಳಸ. ವ್ಯವಹಾರ ಗಂಡಸ್ರದು.”

ಉಚಲ ಎಂದರೆ ಮುಂಗಡ. ಗಂಡ ಎತ್ತುತ್ತಾನೆ, ಹೆಂಡತಿ ದುಡಿದು ತೀರಿಸುತ್ತಾಳೆ. ಈ ಏರ್ಪಾಡು ಕಂಡುಹಿಡಿದವನನ್ನು ಶಾಲು ಹೊದಿಸಿ ಸನ್ಮಾನಿಸಬೇಕು. ಮಾಳವ್ವನ ಗಂಡ ಓಂಪ್ರಕಾಶ ಮೊದಲ ಉಚಲದಲ್ಲಿ ಮೋಟಾರ್‌ಸೈಕಲ್ ತಂದ. ಎರಡನೆಯದರಲ್ಲಿ ಗೆಳೆಯರಿಗೆ ಮಿರಜದ ಧಾಬಾದಲ್ಲಿ ಮಟನ್ ತಿನ್ನಿಸಿ, ಪುಢಾರಿಯೊಬ್ಬನ ಹುಟ್ಟುಹಬ್ಬದ ಫಲಕದಲ್ಲಿ ತನ್ನ ಫೋಟೊವನ್ನೂ ಹಾಕಿಸಿಕೊಂಡ. ಬುಧಗಾಂವದ ರಸ್ತೆಯಲ್ಲಿ ತಿಂಗಳುಗಟ್ಟಲೆ ಕೈ ಮುಗಿದು ನಿಂತಿದ್ದ, ಕಪ್ಪು ಕನ್ನಡಕದ ಸಮೇತ.

ನಮ್ಮದೂ ಒಂದು ಭಿಶಿ ಇದೆ. ತಿಂಗಳಿಗೆ ಇನ್ನೂರು ಹಾಕುತ್ತೇವೆ, ಸರದಿ ಬಂದವಳು ಎತ್ತುತ್ತಾಳೆ. ಮಾಳವ್ವ ಬೆಳಿಗ್ಗೆ ಎರಡು ಮನೆಯ ಪಾತ್ರೆ ತಿಕ್ಕಿ ತನ್ನ ಪಾಲು ತರುತ್ತಾಳೆ. ಏಳು ವರ್ಷಗಳಲ್ಲಿ ಯಾರದೂ ಒಂದು ಕಂತು ತಪ್ಪಿಲ್ಲ. ಆದರೂ ಅವರದು ವ್ಯವಹಾರ, ನಮ್ಮದು ಬಳಿ-ಪಿನ್ನು.

ಮಧ್ಯಾಹ್ನ ಓಂಪ್ರಕಾಶ ಯಾರೂ ಕರೆಯದೆ ತಾನಾಗಿಯೇ ಬಂದ.

“ಹೊಸ ಉಚಲ ಬೇಕಾಗೇತ್ರಿ ಸಾವಕಾರ್ರ. ಮಾಳಿ ಇನ್ನೊಂದ ಹಂಗಾಮ ಬರ್ತಾಳ.”

ಮಾಳಿ ಅಲ್ಲೇ ಜರಡಿ ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಸಾಹುಕಾರ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈಗೆ ಹೊದಿಸಿಕೊಂಡ. ಹಿಂದೆ ದಲಾಲರು ಅರಿಶಿಣದ ದರ ಕುದುರಿಸುತ್ತಿದ್ದದ್ದು ಹೀಗೆ, ಬಟ್ಟೆಯ ಕೆಳಗೆ ಬೆರಳು ಒತ್ತಿ, ಪಕ್ಕದವನಿಗೆ ಸುಳಿವು ಹತ್ತದಂತೆ. ಈಗ ಅರಿಶಿಣದ ದರವನ್ನು ಬಾಯಲ್ಲೇ ಕೂಗುತ್ತಾರೆ. ಗುರುಸಿದ್ಧಪ್ಪ ಹೆಂಗಸರ ದರಕ್ಕೆ ಮಾತ್ರ ಹಳೆಯ ಪದ್ಧತಿ ಉಳಿಸಿಕೊಂಡಿದ್ದ.

ಓಂಪ್ರಕಾಶ ಪ್ಯಾಂಟಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಮಾಳವ್ವ ಜರಡಿ ಬಿಸಾಕಿ ಬಂದು ತನ್ನ ಕೈಯನ್ನು ಟವೆಲ್ಲಿನ ಕೆಳಗೆ ತೂರಿಸಿದಳು. ಸಾಹುಕಾರನ ಮುಖ ಬಿಳಿಚಿಕೊಂಡಿತು. ಕುಡಿಯುವ ನೀರನ್ನೂ ನಮ್ಮ ಬೊಗಸೆಗೆ ಮೇಲಿನಿಂದ ಸುರಿಯುವ ಮನುಷ್ಯ ಅವನು.

“ಥೂ! ಕೈ ತಗೀ, ಹೊಲಸ ಬೋಸಡಿ!”

“ಎರಡ ವರ್ಷ ಇದ ಕೈಯ ದರ ಮಾಡೀರಲ್ರಿ. ಈಗ ಮುಟ್ಟಿ ಮಾಡ್ರಿ. ಎಷ್ಟಂತ ಬಾಯಿಬಿಟ್ಟ ಹೇಳ್ರಿ.”

“ಬಿಡ ಮಾಳಿ, ಮಾನ ಹೋಗತೈತಿ,” ಎಂದು ಓಂಪ್ರಕಾಶ ಗೋಗರೆದ.

“ಯಾರದು? ಹೆಂಡ್ತಿನ್ನ ಮಾರಾಕ ಬಂದಾಂವಂದಾ?”

ನಮ್ಮಲ್ಲಿ ಹಿರಿಯಳಾದ ನಾಗವ್ವ ಮೊದಲು ಎದ್ದಳು. ಆಮೇಲೆ ನಾವೆಲ್ಲ ಎದ್ದು ಸುತ್ತ ನಿಂತೆವು. ಹೊರಗೆ ಚೀಲ ಇಳಿಸುತ್ತಿದ್ದ ಹಮಾಲರು ಬಾಗಿಲಿಗೆ ಬಂದರು. ಸಾಹುಕಾರ ಕೈ ಜಗ್ಗಿದ. ಬರಲಿಲ್ಲ. ಮಾಳವ್ವ ಎಡಗೈಯಿಂದ ಟವೆಲ್ ಕಿತ್ತು ನೆಲಕ್ಕೆ ಎಸೆದಳು.

ಹಳದಿ ಹತ್ತಿದ ಅವಳ ಬೆರಳುಗಳೊಳಗೆ ಅವನ ಉಂಗುರದ ಬೆರಳು ಸಿಕ್ಕಿಕೊಂಡಿದ್ದನ್ನು ಎಲ್ಲರೂ ನೋಡಿದರು.

“ಎಷ್ಟ್ರಿ?” ಎಂದಳು ಮಾಳವ್ವ, ಹಿಡಿತ ಇನ್ನಷ್ಟು ಬಿಗಿ ಮಾಡಿ.