ಕಣ್ಣಾರೆ ಕಂಡ ಚಾಕು

ಪೊಲೀಸ್ ಠಾಣೆಯ ಪಕ್ಕದ ಟೈಲರ್ ಅಂಗಡಿಯಲ್ಲಿ ಆ ಮಧ್ಯಾಹ್ನ ಟೈಲರನ ಹೆಂಡತಿ ಖಾಕಿ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು. ಠಾಣೆಯವರ ಸಮವಸ್ತ್ರವೆಲ್ಲ ಹೊಲಿಯುವುದು ಇಲ್ಲೇ. ಮನೆಯ ಒಲೆ ಉರಿಯುವುದೂ ಅದರಿಂದಲೇ. ದಫೇದಾರ ಸಿಹಿ ಪೊಟ್ಟಣ ಹಿಡಿದು ನಗುತ್ತಾ ಒಳಗೆ ಬಂದ.

“ತಗೊಳ್ಳಮ್ಮಾ, ಬಾಯಿ ಸಿಹಿ ಮಾಡ್ಕೊ. ಪಂಕ್ಚರ್ ಅಂಗಡಿಯವನಿಗೆ ಜೀವಾವಧಿ ಆಯ್ತು. ಎಲ್ಲಾ ನಿನ್ನ ಗಂಡನ ಪುಣ್ಯ!”

ಪಂಕ್ಚರ್ ಅಂಗಡಿಯವನು ಎದುರು ಸಾಲಿನವನು. ಅಂಗಡಿ ಖಾಲಿ ಮಾಡೆಂದ ಕಟ್ಟಡದ ಮಾಲೀಕನ ಜೊತೆ ಬೀದಿಯಲ್ಲೇ ಜಗಳವಾಡಿದ್ದ. ಮರುದಿನ ಮಾಲೀಕ ಹೆಣವಾಗಿ ಸಿಕ್ಕಿದ್ದ. ಅಷ್ಟು ಸಾಕಾಗಿತ್ತು, ಬೀದಿಯವರೆಲ್ಲ ಅವನೇ ಕೊಲೆಗಾರ ಎಂದು ತೀರ್ಮಾನಿಸಿಬಿಟ್ಟಿದ್ದರು.

ಅವಳು ಸಿಹಿ ಬಾಯಿಗಿಟ್ಟುಕೊಂಡು ಕೇಳಿದಳು. “ಇವರೇನು ಮಾಡಿದ್ರು?”

“ಅಯ್ಯೋ, ಹೇಳಿಲ್ವಾ? ಮಾಲೀಕ ಸತ್ತ ಮರುವಾರ ನಮ್ ಜೊತೆ ಹಳ್ಳಕ್ಕೆ ಇಳಿದು, ಆ ಪಂಕ್ಚರಿನವನು ಪೊದೆಯಿಂದ ಚಾಕು ತೆಗೆದುಕೊಟ್ಟಿದ್ದನ್ನ ಕಣ್ಣಾರೆ ಕಂಡೆ ಅಂತ ಕಟಕಟೇಲಿ ನಿಂತು ಹೇಳಿದಾನೆ. ಇನ್ನೇನಿತ್ತು ಕೇಸಲ್ಲಿ? ಆ ಚಾಕು ಒಂದೇ.”

ಸೂಜಿ ನಿಂತಿತು. ಮಾಲೀಕ ಸತ್ತ ಮರುವಾರ ಗಂಡನ ಕಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿತ್ತು. ಸ್ಕೂಟರಿನಿಂದ ಬಿದ್ದು ಮೂಳೆ ಮುರಿದುಕೊಂಡ ಮನುಷ್ಯ ಬಚ್ಚಲಿಗೂ ಅವಳ ಹೆಗಲು ಹಿಡಿದೇ ಹೋಗುತ್ತಿದ್ದ. ಹಳ್ಳಕ್ಕೆ ಇಳಿದನಂತೆ! ಆಗ ಒಂದು ಸಂಜೆ ಇದೇ ದಫೇದಾರ ಮನೆಗೆ ಬಂದಿದ್ದ. ಕಾಗದವನ್ನು ಆ ಪ್ಲಾಸ್ಟರಿನ ಮೇಲೇ ಹರಡಿ ಗಂಡನ ಸಹಿ ಹಾಕಿಸಿಕೊಂಡಿದ್ದ. “ಒಳ್ಳೇ ಗಟ್ಟಿ ಟೇಬಲ್ಲು” ಎಂದು ಮೂವರೂ ನಕ್ಕಿದ್ದರು. ಟೀ ಮಾಡಿಕೊಟ್ಟವಳು ಅವಳೇ.

ದಫೇದಾರ ಹೋದದ್ದೇ ತಡ, ಹಿಂದಿನ ಮೋರಿಗೆ ಓಡಿ ಬಾಯಲ್ಲಿದ್ದುದನ್ನೆಲ್ಲ ಉಗಿದಳು. ಎಷ್ಟು ಮುಕ್ಕಳಿಸಿದರೂ ಆ ಸಿಹಿ ನಾಲಗೆ ಬಿಡಲಿಲ್ಲ. ದಫೇದಾರನ ಮೇಲೆ, ಗಂಡನ ಮೇಲೆ, ಟೀ ಲೋಟ ಹಿಡಿದು ಹಲ್ಲು ಕಿರಿದ ತನ್ನ ಮೇಲೆ, ಎಲ್ಲರ ಮೇಲೂ ಹೇಸಿಗೆಯಾಯಿತು.

ಸಂಜೆ ನೂಲಿನುಂಡೆಗಳ ಚೀಲ ಹಿಡಿದು ಬಂದ ಗಂಡನಿಗೆ ಅವಳು ನೀರೂ ಕೊಡಲಿಲ್ಲ.

“ಹಳ್ಳಕ್ಕೆ ಹೇಗೆ ಇಳಿದ್ರಿ? ಹಾರ್ಕೊಂಡಾ?”

ಅವನ ಮುಖ ಬಿಳಿಚಿಕೊಂಡಿತು. “ಮೆಲ್ಲಗೆ ಮಾತಾಡೇ. ಪಕ್ಕದಲ್ಲೇ ಇದ್ದೀವಿ, ಸಹಿ ಹಾಕು ಅಂದ್ರೆ ಹಾಕ್ಬೇಕು. ನಾನಲ್ದಿದ್ರೆ ಇನ್ನೊಬ್ಬ ಹಾಕ್ತಿದ್ದ. ಬೆಂಕಿ ಇಲ್ದೆ ಹೊಗೆ ಆಡುತ್ತಾ? ಕೊಂದಿದ್ದು ಅವನೇ ಕಣೆ.”

“ಕೊಂದನೋ ಇಲ್ವೋ ದೇವರಿಗೇ ಗೊತ್ತು. ನೀವು ನೋಡಿಲ್ಲ ಅನ್ನೋದು ನನಗೆ ಗೊತ್ತು.”

“ಅವನ ವಕೀಲನೇ ಒಂದು ಪ್ರಶ್ನೆ ಕೇಳ್ಲಿಲ್ಲ...”

“ಕೇಳ್ದಿದ್ರೆ ಸುಳ್ಳು ನಿಜ ಆಗ್ಬಿಡುತ್ತಾ? ಥೂ! ಗುಂಡಿ ಹಚ್ಚೋಕೆ ಮುಂಚೆ ಅಂಗಿ ಇದೆಯಾ ಅಂತ ನಾನಾದ್ರೂ ನೋಡ್ತೀನಿ. ನೀವು ಒಬ್ಬ ಮನುಷ್ಯನ ಬದುಕನ್ನೇ ಹೊಲಿದುಬಿಟ್ರಲ್ಲ, ನೋಡ್ದೆ!”

“ಈಗ ಬಾಯಿಬಿಟ್ರೆ ನನ್ನನ್ನೇ ಒಳಗೆ ಹಾಕ್ತಾರೆ. ಅಂಗಡಿ ಮುಚ್ಚಿದ ಹಾಗೇ.”

“ಹಾಕ್ಲಿ. ಬುತ್ತಿ ತರ್ತೀನಿ. ಆ ಪಂಕ್ಚರಿನವನಿಗೆ ಅವನ ತಾಯಿ ತರ್ತಿಲ್ವಾ?”

ಮರುದಿನ ಬೆಳಿಗ್ಗೆ ಟೈಲರ್ ಅಂಗಡಿಗೆ ಬಂದಾಗ ಹೊಲಿಗೆ ಯಂತ್ರಕ್ಕೆ ಕಾಲು ಮುರಿದಾಗಿನ ಅವನ ಹಳೆಯ ಊರುಗೋಲು ಒರಗಿತ್ತು. ಅಟ್ಟದಿಂದ ಇಳಿಸಿ ಅವಳೇ ಇಟ್ಟಿದ್ದಳು. ಅವನು ಅದನ್ನು ಕೈಗೆತ್ತಿಕೊಂಡು ಕೂತ. ಆಮೇಲೆ ಮೆಲ್ಲಗೆ ಕೇಳಿದ. “ಮೇಲಿನ ಕೋರ್ಟಿಗೆ ಹೋಗೋಕೆ ಅವನ ತಾಯಿ ಹೊಸ ವಕೀಲರನ್ನ ಹಿಡಿದಿದಾಳಂತಲ್ಲ, ಆ ವಕೀಲರ ಮನೆ ಎಲ್ಲಿ?”

“ಬನ್ನಿ, ತೋರಿಸ್ತೀನಿ.”

ಅವಳು ಶಟರ್ ಎಳೆಯುತ್ತಿರುವಾಗ ಠಾಣೆಯ ಬಾಗಿಲಿನಿಂದ ದಫೇದಾರ ಕಾಗದ ಆಡಿಸುತ್ತಾ ಕೂಗಿದ. “ಏನಯ್ಯಾ ಟೈಲರ್, ಬಾ ಬಾ, ಒಂದು ಸಹಿ ಇದೆ.”

ಟೈಲರ್ ನಿಂತ. ಬೆವರು ಒರೆಸಿಕೊಂಡ.

“ನಾನೇನೂ ನೋಡಿಲ್ಲ ಸಾರ್. ಸಹಿ ಹಾಕಲ್ಲ.”

ದಫೇದಾರ ಗಹಗಹಿಸಿ ನಕ್ಕ. “ಓಹೋ! ಇಷ್ಟು ದಿನ ಎಲ್ಲಾ ನೋಡೇ ಹಾಕಿದ್ಯೇನೋ?”

“ಇಲ್ಲ ಸಾರ್,” ಎಂದ ಟೈಲರ್. “ಅದನ್ನೇ ವಕೀಲರಿಗೆ ಹೇಳೋಕೆ ಹೋಗ್ತಿದೀನಿ.”